ದೋಷದ ಆಳ ಕಾಣಲು ಒಂದು ಚಿತ್ರ ಸಾಲದು

ಲೋಹಕ್ಕೆ ಬಲ ಕೊಡುವುದೂ ಅದರೊಳಗಿನ ದೋಷವೇ, ಕೊನೆಗೆ ಅದನ್ನು ಮುರಿಯುವುದೂ ದೋಷವೇ. ತಾಮ್ರದ ಹಂಡೆ, ಕೊಡ ಬಡಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಗಡನ್ನು ಬಡಿಯುತ್ತ ಹೋದಂತೆ ಅದು ಬಿರುಸಾಗುತ್ತದೆ. ಇನ್ನೂ ಬಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ನಡುನಡುವೆ ಬೆಂಕಿಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಾರೆ. ಬಡಿತಕ್ಕೆ ಹೆಚ್ಚುವುದೇನು, ಬೆಂಕಿಗೆ ಕಡಿಮೆಯಾಗುವುದೇನು ಎಂಬುದಕ್ಕೆ ವಿಜ್ಞಾನ ಉತ್ತರ ಕಂಡುಕೊಂಡದ್ದು 1934ರಲ್ಲಿ. ಅದನ್ನು ಕಣ್ಣಾರೆ ಕಂಡದ್ದು 1956ರಲ್ಲಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಇಡೀ ಜಾಲವನ್ನು ಉದ್ದ, ಅಗಲ, ಆಳ ಮೂರರಲ್ಲೂ ಬಿಡಿಸಿ ನೋಡಿದ್ದು 2006ರಲ್ಲಿ.

ಇದು ಪ್ರಯೋಗಾಲಯದ ಗೋಡೆಯೊಳಗೇ ಉಳಿದುಬಿಡಬೇಕಾದ ಸಂಗತಿಯಲ್ಲ. ವಿಮಾನ ಎಂಜಿನ್ನಿನ ಬ್ಲೇಡು, ರಿಯಾಕ್ಟರಿನ ಇಂಧನ ಕೊಳವೆ, ರೇಡಾರಿನೊಳಗಿನ ಚಿಪ್ ಇವನ್ನೆಲ್ಲ ನಮ್ಮಲ್ಲೇ ಮಾಡುತ್ತೇವೆಂದು ದೇಶ ಹೊರಟಿದೆ. ಹೈದರಾಬಾದ್, ಕಲ್ಪಾಕ್ಕಂ, ಮುಂಬೈ, ದೆಹಲಿಗಳಲ್ಲಿ ಈ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಕನ್ನಡಿಗರೂ ಇದ್ದಾರೆ. ಇವೆಲ್ಲದರ ಬಾಳಿಕೆ ನಿಂತಿರುವುದು ಹರಳಿನೊಳಗಿನ ದೋಷಗಳನ್ನು ನಾವು ಎಷ್ಟು ಸರಿಯಾಗಿ ಓದುತ್ತೇವೆ ಎಂಬುದರ ಮೇಲೆ. ಆದರೆ ಕೋಟಿಗಟ್ಟಲೆ ಸುರಿದು ಯಂತ್ರ ಕೊಳ್ಳುವುದಕ್ಕೆ ತೋರುವ ಉತ್ಸಾಹವನ್ನು, ಅದರಲ್ಲಿ ಕಂಡದ್ದನ್ನು ಓದಬಲ್ಲವರನ್ನು ಬೆಳೆಸುವುದಕ್ಕೆ ನಾವು ತೋರುತ್ತಿಲ್ಲ. ಈ ಬರಹದ ತಕರಾರು ಇಷ್ಟೇ.

ಜಮಖಾನೆಯ ಮಡಿಕೆ

ಲೋಹವೆಂದರೆ ಪರಮಾಣುಗಳು ಸಾಲಾಗಿ ಕೂತ ಹರಳುಗಳ ಗುಂಪು. ಈ ಸಾಲುಗಳು ಎಲ್ಲೂ ತಪ್ಪದೆ ಇದ್ದರೆ ಲೋಹ ಎಷ್ಟು ಗಟ್ಟಿಯಾಗಿರಬೇಕು ಎಂದು ರಷ್ಯಾದ ಫ್ರೆಂಕೆಲ್ 1926ರಲ್ಲಿ ಲೆಕ್ಕ ಹಾಕಿದರು. ನಿಜವಾದ ಲೋಹ ಆ ಲೆಕ್ಕಕ್ಕಿಂತ ಸಾವಿರಾರು ಪಟ್ಟು ಕಡಿಮೆ ಬಲಕ್ಕೇ ಬಾಗಿಬಿಡುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ, ಸಾಲುಗಳು ತಪ್ಪಿದ್ದವು. 1934ರಲ್ಲಿ ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಮಗ್ಗದ ಮೇಲೆ ಒಂದು ಎಳೆ ನಡುವೆಯೇ ನಿಂತುಹೋದರೆ ಅಕ್ಕಪಕ್ಕದ ಎಳೆಗಳು ಆ ತೆರವಿನ ಕಡೆಗೆ ಬಾಗುತ್ತವಲ್ಲ, ಹಾಗೆ ಹರಳಿನೊಳಗೆ ಪರಮಾಣುಗಳ ಒಂದು ಹಾಳೆ ಅರ್ಧಕ್ಕೇ ನಿಂತಿರುತ್ತದೆ. ಆ ಹಾಳೆಯ ಅಂಚಿನ ಗೆರೆಗೆ ಡಿಸ್‌ಲೊಕೇಶನ್ ಎಂದು ಹೆಸರು.

ಮದುವೆ ಮನೆಯಲ್ಲಿ ದೊಡ್ಡ ಜಮಖಾನೆ ಸರಿಸಿದವರಿಗೆ ಇದರ ಕೆಲಸ ಗೊತ್ತು. ಇಡೀ ಜಮಖಾನೆಯನ್ನು ಒಮ್ಮೆಗೇ ಎಳೆಯಲು ನಾಲ್ಕು ಆಳು ಬೇಕು. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಅದನ್ನು ಇನ್ನೊಂದು ತುದಿಯವರೆಗೆ ತಳ್ಳಿಕೊಂಡು ಹೋಗಲು ಒಬ್ಬನೇ ಸಾಕು. ಡಿಸ್‌ಲೊಕೇಶನ್ ಆ ಮಡಿಕೆಯಂತೆ. ಅದು ಹರಿದಾಡಿದಾಗ ಲೋಹ ಬಾಗುತ್ತದೆ. ಅವು ಹೆಚ್ಚಾಗಿ ಒಂದಕ್ಕೊಂದು ಅಡ್ಡ ನಿಂತು ಸಿಕ್ಕುಗಟ್ಟಿದಾಗ ಲೋಹ ಬಿರುಸಾಗುತ್ತದೆ. ಕಾಸಿದಾಗ ಸಿಕ್ಕು ಬಿಡುತ್ತದೆ, ಲೋಹ ಮೆತ್ತಗಾಗುತ್ತದೆ.

ಎಷ್ಟಿರುತ್ತವೆ ಇವು? ಚೆನ್ನಾಗಿ ಬಡಿದ ಲೋಹದ ಒಂದು ಘನ ಸೆಂಟಿಮೀಟರ್ ತುಂಡಿನೊಳಗಿನ ಡಿಸ್‌ಲೊಕೇಶನ್ ಗೆರೆಗಳನ್ನೆಲ್ಲ ಒಂದರ ತುದಿಗೊಂದು ಜೋಡಿಸಿದರೆ ಸುಮಾರು 10 ಲಕ್ಷ ಕಿಲೊಮೀಟರ್ ಆಗಬಹುದು. ಚಂದ್ರನಿಗೆ ಹೋಗಿ ಬಂದರೂ ಮಿಗುವಷ್ಟು. ಇಷ್ಟು ಉದ್ದದ ಎಳೆ ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ಸುತ್ತಿಕೊಂಡಿದೆ ಎಂದಮೇಲೆ, ಅದು ಯಾವ ಕಡೆಗೆ ಸುತ್ತಿದೆ, ಎಲ್ಲಿ ಗಂಟು ಬಿದ್ದಿದೆ ಎಂಬುದೇ ಮುಖ್ಯ ಪ್ರಶ್ನೆ.

ಮೇಲ್ಸೇತುವೆಯ ಫೋಟೊ

1931ರಲ್ಲಿ ಬರ್ಲಿನ್ನಿನ ಕ್ನೋಲ್ ಮತ್ತು ರುಸ್ಕಾ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದರು. ರುಸ್ಕಾ ಅವರಿಗೆ ನೊಬೆಲ್ ಬರಲು 1986ರವರೆಗೆ ಕಾಯಬೇಕಾಯಿತು. 1956ರಲ್ಲಿ ಕೇಂಬ್ರಿಜ್‌ನ ಹಿರ್ಷ್, ಹಾರ್ನ್, ವ್ಹೇಲನ್ ಅಲ್ಯೂಮಿನಿಯಂ ಹಾಳೆಯೊಳಗೆ ಡಿಸ್‌ಲೊಕೇಶನ್‌ಗಳು ಹರಿದಾಡುವುದನ್ನೇ ನೋಡಿದರು. ಅದೇ ವರ್ಷ ಜಿನೀವಾದಲ್ಲಿ ಬೋಲ್‌ಮನ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಅವನ್ನು ಕಂಡರು. ಇಪ್ಪತ್ತೆರಡು ವರ್ಷ ಕಾಗದದ ಮೇಲಿದ್ದ ಊಹೆ ಚಿತ್ರವಾಯಿತು.

ಆದರೆ ಆ ಚಿತ್ರಕ್ಕೊಂದು ಮಿತಿ ಇತ್ತು. ಈ ಸೂಕ್ಷ್ಮದರ್ಶಕದಲ್ಲಿ ಎಲೆಕ್ಟ್ರಾನುಗಳು ನಮೂನೆಯನ್ನು ತೂರಿಕೊಂಡು ಆಚೆ ಹೋಗಬೇಕು. ಹಾಗಾಗಿ ನಮೂನೆಯನ್ನು ಸುಮಾರು 100 ನ್ಯಾನೊಮೀಟರ್ ದಪ್ಪಕ್ಕೆ, ಅಂದರೆ ತಲೆಗೂದಲಿನ ದಪ್ಪದ ನೂರಾರರಲ್ಲಿ ಒಂದು ಪಾಲಿಗೆ, ತೆಳುವಾಗಿಸಬೇಕು. ಅಷ್ಟು ತೆಳುವಾದರೂ ಅದಕ್ಕೆ ಆಳ ಇದ್ದೇ ಇದೆ. ಚಿತ್ರದಲ್ಲಿ ಆ ಆಳವೆಲ್ಲ ಚಪ್ಪಟೆಯಾಗಿ ಒಂದೇ ಹಾಳೆಗೆ ಬೀಳುತ್ತದೆ.

ಮೇಲ್ಸೇತುವೆಯನ್ನು ವಿಮಾನದಿಂದ ನೇರ ಕೆಳಗೆ ನೋಡಿ ಫೋಟೊ ತೆಗೆದರೆ ಎರಡು ರಸ್ತೆಗಳು ಒಂದನ್ನೊಂದು ಕತ್ತರಿಸಿದಂತೆ ಕಾಣುತ್ತವೆ. ಒಂದರ ವಾಹನ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆಂದು ನಕ್ಷೆ ನೋಡಿದವರು ಹೇಳಬಹುದು. ಊರು ಗೊತ್ತಿದ್ದವರು ಮಾತ್ರ ಒಂದು ಮೇಲೆ, ಒಂದು ಕೆಳಗೆ ಎನ್ನುತ್ತಾರೆ. ಹರಳಿನೊಳಗೆ ಎರಡು ಡಿಸ್‌ಲೊಕೇಶನ್‌ಗಳು ನಿಜವಾಗಿ ಸಂಧಿಸಿ ಗಂಟು ಬಿದ್ದಿದ್ದರೆ ಲೋಹ ಗಟ್ಟಿಯಾಗುತ್ತದೆ. ಒಂದರ ಮೇಲೊಂದು ಸುಮ್ಮನೆ ಹಾದುಹೋಗಿದ್ದರೆ ಹಾಗಾಗುವುದಿಲ್ಲ. ಚಪ್ಪಟೆ ಚಿತ್ರಕ್ಕೆ ಇವೆರಡೂ ಒಂದೇ.

ಇದು ಬರೀ ಪಾಂಡಿತ್ಯದ ಜಗಳವಲ್ಲ. 1967ರಲ್ಲಿ ಬ್ರಿಟನ್ನಿನ ಡೌನ್‌ರೇ ರಿಯಾಕ್ಟರಿನಲ್ಲಿ ಬಳಸಿದ ಸ್ಟೇನ್‌ಲೆಸ್ ಸ್ಟೀಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟಾಗ ಕಾಥೋರ್ನ್ ಮತ್ತು ಫುಲ್ಟನ್ ಅದರೊಳಗೆ ಅಸಂಖ್ಯ ಸಣ್ಣ ಪೊಳ್ಳುಗಳನ್ನು ಕಂಡರು. ನ್ಯೂಟ್ರಾನುಗಳ ಹೊಡೆತಕ್ಕೆ ಪರಮಾಣುಗಳು ಜಾಗ ತಪ್ಪುತ್ತವೆ, ತೆರವಾದ ಜಾಗಗಳು ಒಟ್ಟುಗೂಡಿ ಪೊಳ್ಳಾಗುತ್ತವೆ, ಉಕ್ಕು ಒಳಗಿಂದಲೇ ಊದಿಕೊಳ್ಳುತ್ತದೆ. ಅಂದಿನಿಂದ ವೇಗದ ರಿಯಾಕ್ಟರ್ ಕಟ್ಟುವ ಪ್ರತಿ ದೇಶಕ್ಕೂ ಇದು ದೊಡ್ಡ ತಲೆನೋವು. 1985ರಿಂದ ವೇಗದ ಪರೀಕ್ಷಾ ರಿಯಾಕ್ಟರ್ ನಡೆಸುತ್ತಿರುವ ಕಲ್ಪಾಕ್ಕಂಗೂ ಹಾಗೆಯೇ. ಉಕ್ಕು ಎಷ್ಟು ಊದುತ್ತದೆ ಎನ್ನಲು ಒಂದು ಘನ ಮಿಲಿಮೀಟರಿನಲ್ಲಿ ಎಷ್ಟು ಪೊಳ್ಳು ಎಂದು ಎಣಿಸಬೇಕು. ಚಿತ್ರದಿಂದ ಪೊಳ್ಳುಗಳ ಸಂಖ್ಯೆ ಸಿಗುತ್ತದೆ, ಉದ್ದಗಲ ಸಿಗುತ್ತದೆ. ದಪ್ಪ ಸಿಗುವುದಿಲ್ಲ. ದಪ್ಪವನ್ನು ಐದರಲ್ಲೊಂದು ಪಾಲು ತಪ್ಪಾಗಿ ಅಂದಾಜಿಸಿದರೆ ಉತ್ತರವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಕಾಣದ ಮೂರನೇ ಆಯಾಮ ನೇರವಾಗಿ ಸುರಕ್ಷತೆಯ ಲೆಕ್ಕಕ್ಕೆ ಬಂದು ಕೂರುತ್ತದೆ.

ಬೆಂಗಳೂರಿನಿಂದ ಹೋದ ಸೂತ್ರ

ಆಳ ತಿಳಿಯುವ ದಾರಿ ಹೇಳಲು ಸುಲಭ. ನಮೂನೆಯನ್ನು ಸ್ವಲ್ಪ ಸ್ವಲ್ಪವೇ ವಾಲಿಸುತ್ತ ಹಲವು ಕೋನಗಳಿಂದ ಚಿತ್ರ ತೆಗೆದು, ಎಲ್ಲವನ್ನೂ ಸೇರಿಸಿ ಒಳಗಿನ ಆಕಾರ ಕಟ್ಟುವುದು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮಾಡುವುದೂ ಇದನ್ನೇ. ಎಲೆಕ್ಟ್ರಾನ್ ಚಿತ್ರಗಳಿಂದ ಮೂರು ಆಯಾಮದ ರೂಪ ಕಟ್ಟಬಹುದೆಂದು 1968ರಲ್ಲಿ ಕೇಂಬ್ರಿಜ್‌ನ ಡಿ ರೋಸಿಯರ್ ಮತ್ತು ಕ್ಲೂಗ್ ವೈರಸ್ಸೊಂದರ ಬಾಲವನ್ನು ಇಟ್ಟುಕೊಂಡು ತೋರಿಸಿದರು.

ಕಷ್ಟ ಇರುವುದು ಸೇರಿಸುವ ಲೆಕ್ಕದಲ್ಲಿ. ಪ್ರತಿ ಚಿತ್ರವನ್ನೂ ಅದು ಬಂದ ದಿಕ್ಕಿನಲ್ಲೇ ಹಿಂದಕ್ಕೆ ಹರಡುತ್ತ ಹೋದರೆ ಒಟ್ಟು ರೂಪ ಮಂಜು ಕವಿದಂತೆ ಮಸುಕಾಗುತ್ತದೆ. ಅಂದಿನ ಗಣಿತ ಇದನ್ನು ಬಿಡಿಸುತ್ತಿದ್ದದ್ದು ಫೂರಿಯೆ ರೂಪಾಂತರದ ಸುತ್ತುದಾರಿಯಲ್ಲಿ. ಅಂದಿನ ಕಂಪ್ಯೂಟರುಗಳಿಗೆ ಅದು ಭಾರ. 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಬೇರೆ ದಾರಿ ತೋರಿಸಿದರು. ಪ್ರತಿ ಚಿತ್ರವನ್ನೂ ಹಿಂದಕ್ಕೆ ಹರಡುವ ಮೊದಲೇ ಒಂದು ಸೋಸುಸೂತ್ರದಲ್ಲಿ ಹಾಯಿಸಿದರೆ ಸಾಕು, ಮಂಜು ತಾನಾಗಿ ಕಳೆಯುತ್ತದೆ, ಲೆಕ್ಕವೂ ಬೇಗ ಮುಗಿಯುತ್ತದೆ. ರೇಡಿಯೊ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇಂಥದೇ ದಾರಿ ಹಿಡಿದಿದ್ದರು. ಎಕ್ಸ್-ರೇ ಮತ್ತು ಎಲೆಕ್ಟ್ರಾನ್ ಚಿತ್ರಗಳಿಗೆ ಅದನ್ನು ನೇರವಾಗಿ ಒದಗಿಸಿದ್ದು ಬೆಂಗಳೂರಿನ ಪ್ರಬಂಧ. ಅದರ ಶೀರ್ಷಿಕೆಯಲ್ಲೇ ಎಲೆಕ್ಟ್ರಾನ್ ಚಿತ್ರಗಳ ಮಾತಿದೆ.

ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಸಿ.ಟಿ. ಸ್ಕ್ಯಾನ್ ನಡೆದದ್ದೂ ಅದೇ 1971ರ ಅಕ್ಟೋಬರಿನಲ್ಲಿ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಈ ಲೆಕ್ಕ ಕಲಿಯುವ ವಿದ್ಯಾರ್ಥಿಯೂ ಮೊದಲು ಕೇಳುವ ಹೆಸರುಗಳಲ್ಲಿ ‘ರಾಮ್-ಲ್ಯಾಕ್ ಫಿಲ್ಟರ್’ ಒಂದು. ಎರ್ನಾಕುಲಂನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ರಾಮನ್ ಅವರ ಬಳಿ ಕಲಿತು, ಮದ್ರಾಸಿನಲ್ಲಿ ಕೊಲಾಜನ್ ರಚನೆ ಬಿಡಿಸಿ, ಮತ್ತೆ ಬೆಂಗಳೂರಿಗೆ ಬಂದ ರಾಮಚಂದ್ರನ್ ಕೂಡ ನಮ್ಮಂತೆ ಊರು ಬಿಟ್ಟು ಊರಿಗೆ ಹೋಗಿ ದುಡಿದವರೇ. ಆ ಸೂತ್ರಕ್ಕೆ ಬೇಕಾದದ್ದು ತಲೆ, ಕಾಗದ ಮತ್ತು ಒಂದಿಷ್ಟು ಕಂಪ್ಯೂಟರ್ ಸಮಯ. ಇಂದು ನಾವು ಹೊರದೇಶದಿಂದ ತರಿಸುವ ಯಂತ್ರಗಳ ಸಾಫ್ಟ್‌ವೇರಿನೊಳಗೆ ಅದು ಕೂತು ಮರಳಿ ನಮ್ಮಲ್ಲಿಗೇ ಬರುತ್ತಿದೆ.

ಹರಳಿನ ಮೊಂಡುತನ

ಮೂಳೆಗೆ ಒಗ್ಗಿದ ಈ ಉಪಾಯ ಹರಳಿಗೆ ಒಗ್ಗಲು 2006ರವರೆಗೆ ಸಮಯ ಹಿಡಿಯಿತು. ಕಾರಣವಿದೆ. ಮೂಳೆಯನ್ನು ಯಾವ ಕೋನದಿಂದ ನೋಡಿದರೂ ಅದು ಎಕ್ಸ್-ರೇಗೆ ಒಡ್ಡುವ ನೆರಳು ಅದರ ದಪ್ಪಕ್ಕೆ ತಕ್ಕಂತಿರುತ್ತದೆ. ಹರಳಿನಲ್ಲಿ ಹಾಗಿಲ್ಲ. ಡಿಸ್‌ಲೊಕೇಶನ್ ಕಾಣುವುದು ಎಲೆಕ್ಟ್ರಾನುಗಳು ಪರಮಾಣು ಸಾಲುಗಳಿಗೆ ತಾಗಿ ಬಾಗುವ ರೀತಿಯಿಂದ. ಕೋನ ಒಂದಿಷ್ಟು ತಪ್ಪಿದರೆ ಗೆರೆ ದಪ್ಪವಾಗಬಹುದು, ತೆಳುವಾಗಬಹುದು. ಕೆಲವು ದಿಕ್ಕುಗಳಲ್ಲಿ ಇದ್ದ ಡಿಸ್‌ಲೊಕೇಶನ್ ಪೂರ್ತಿ ಮಾಯವಾಗುತ್ತದೆ. ಇರುವುದು ಕಾಣದೆ ಹೋಗುತ್ತದೆ, ಕಂಡದ್ದು ಇರುವ ಜಾಗದಿಂದ ತುಸು ಸರಿದು ಕಾಣುತ್ತದೆ.

ಕೇಂಬ್ರಿಜ್‌ನ ಬರ್ನಾರ್ಡ್, ಶಾರ್ಪ್, ಟಾಂಗ್, ಮಿಡ್‌ಗ್ಲಿ ತಂಡ ಗ್ಯಾಲಿಯಂ ನೈಟ್ರೈಡ್ ಹರಳಿನಲ್ಲಿ ಇದನ್ನು ಸಾಧಿಸಿತು. ಎಷ್ಟೇ ವಾಲಿಸಿದರೂ ಒಂದೇ ಗುಂಪಿನ ಪರಮಾಣು ಸಾಲುಗಳಿಂದಲೇ ಚಿತ್ರ ಬರುವಂತೆ ಹರಳನ್ನು ಹದವಾಗಿ ಕೂರಿಸಿ, ಪ್ರತಿ ಹೆಜ್ಜೆಯಲ್ಲೂ ಆ ಹದ ಕಾಯ್ದುಕೊಂಡು ಡಿಸ್‌ಲೊಕೇಶನ್‌ಗಳ ಜಾಲವನ್ನು ಕಟ್ಟಿತು. ಮುಂದೆ 2013ರಲ್ಲಿ ಅಮೆರಿಕದ ಜಿಯಾನ್‌ವೈ ಮಿಯಾವ್ ತಂಡ ಪ್ಲಾಟಿನಂ ನ್ಯಾನೊ ಕಣದೊಳಗಿನ ಡಿಸ್‌ಲೊಕೇಶನ್ನನ್ನು ಪರಮಾಣು ಮಟ್ಟದಲ್ಲಿ ತೋರಿಸಿತು. 2017ರಲ್ಲಿ ಕಬ್ಬಿಣ-ಪ್ಲಾಟಿನಂ ಕಣವೊಂದರ 6,569 ಕಬ್ಬಿಣದ ಮತ್ತು 16,627 ಪ್ಲಾಟಿನಂ ಪರಮಾಣುಗಳು ಎಲ್ಲೆಲ್ಲಿ ಇವೆಯೆಂದು ಒಂದೊಂದನ್ನೂ ಗುರುತಿಸಲಾಯಿತು.

ಹಾಗೆಂದು ಮೂರು ಆಯಾಮದ ಬಣ್ಣದ ಚಿತ್ರ ಬಂತೆಂದ ಕೂಡಲೇ ಅದು ಸತ್ಯವೆಂದು ನಂಬಬೇಕಿಲ್ಲ. ನಮೂನೆಯನ್ನು ಸಾಮಾನ್ಯವಾಗಿ ಎರಡೂ ಬದಿಗೆ 70 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ವಾಲಿಸಬಹುದು. ಉಳಿದ ಕೋನಗಳ ಮಾಹಿತಿ ಇಲ್ಲವೇ ಇಲ್ಲ. ಆ ಕೊರತೆಯಿಂದ ದುಂಡಗಿರುವುದು ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಹಾಳೆ ತೆಳುವಾಗಿಸುವಾಗಲೇ ಕೆಲವು ಡಿಸ್‌ಲೊಕೇಶನ್‌ಗಳು ಮೇಲ್ಮೈಗೆ ಜಾರಿ ಕಳೆದುಹೋಗಿರುತ್ತವೆ. ನೋಡಿದ ಜಾಗವಾದರೂ ಎಷ್ಟು? 10 ಮೈಕ್ರಾನ್ ಉದ್ದ, 10 ಮೈಕ್ರಾನ್ ಅಗಲ, 100 ನ್ಯಾನೊಮೀಟರ್ ದಪ್ಪದ ತುಣುಕು ಎಂದರೆ ಒಂದು ಘನ ಮಿಲಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗ. ಒಂದು ಅಗುಳು ನೋಡಿ ಅನ್ನ ಬೆಂದಿದೆ ಎನ್ನಬಹುದು, ಆ ಅಗುಳನ್ನು ಪಾತ್ರೆಯ ಯಾವ ಮೂಲೆಯಿಂದ ತೆಗೆದದ್ದೆಂದು ಅಡುಗೆಯವರಿಗೆ ಗೊತ್ತಿರಬೇಕು.

ಎಲ್ಲದಕ್ಕೂ ಈ ದುಬಾರಿ ವಿಧಾನ ಬೇಕೆಂಬ ವಾದವೂ ಸರಿಯಲ್ಲ. ಗೇರಿನ ಹಲ್ಲು ಸರಿಯಾಗಿ ಹದಗೊಂಡಿದೆಯೇ ಎಂದು ನೋಡಲು ಸಾಧಾರಣ ಸೂಕ್ಷ್ಮದರ್ಶಕ ಸಾಕು. ಬಹಳಷ್ಟು ಸಲ ಎರಡು ಕೋನಗಳ ಎರಡು ಚಿತ್ರಗಳೇ, ನಮ್ಮ ಎರಡು ಕಣ್ಣುಗಳಂತೆ, ಬೇಕಾದಷ್ಟು ಆಳ ತಿಳಿಸುತ್ತವೆ. ಯಾವ ಪ್ರಶ್ನೆಗೆ ಯಾವ ಚಿತ್ರ ಬೇಕೆಂದು ನಿರ್ಧರಿಸುವುದೇ ಪರಿಣತಿ. ಅದು ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ನಮ್ಮ ಮುಂದಿರುವ ಕೆಲಸ

ಈ ಪರಿಣತಿ ಎಲ್ಲಿ ಬೇಕು ಎನ್ನಲು ದೂರ ಹೋಗಬೇಕಿಲ್ಲ. ಹೈದರಾಬಾದಿನ ಡಿಎಂಆರ್‌ಎಲ್ ನಿಕ್ಕಲ್ ಮಿಶ್ರಲೋಹದ ಏಕಸ್ಫಟಿಕ ಟರ್ಬೈನ್ ಬ್ಲೇಡುಗಳನ್ನು ಬೆಳೆಸಿ, 2021ರಲ್ಲಿ 60 ಬ್ಲೇಡುಗಳನ್ನು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಎಚ್‌ಎಎಲ್‌ಗೆ ಕೊಟ್ಟಿತು. ಇಡೀ ಬ್ಲೇಡು ಒಂದೇ ಹರಳು. ಹರಳು ಹರಳಿನ ನಡುವಿನ ಗಡಿಗಳಿಲ್ಲದ ಕಾರಣ ಕೆಂಡದಂಥ ಬಿಸಿಯಲ್ಲಿ ಎಳೆತಕ್ಕೆ ಸಿಕ್ಕರೂ ಬೇಗ ಉದ್ದವಾಗುವುದಿಲ್ಲ. ಗಡಿ ಇಲ್ಲದಿದ್ದರೂ ಡಿಸ್‌ಲೊಕೇಶನ್ ಇದ್ದೇ ಇದೆ. ಬ್ಲೇಡಿನ ಆಯುಸ್ಸು ಅವು ನಿಧಾನವಾಗಿ ತೆವಳುವ ರೀತಿಗೆ ಅಂಟಿಕೊಂಡಿದೆ. ದೆಹಲಿಯ ಸಾಲಿಡ್ ಸ್ಟೇಟ್ ಫಿಸಿಕ್ಸ್ ಲ್ಯಾಬೊರೇಟರಿ 4 ಇಂಚಿನ ಸಿಲಿಕಾನ್ ಕಾರ್ಬೈಡ್ ಬಿಲ್ಲೆಗಳನ್ನೂ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರುಗಳನ್ನೂ ಮಾಡುವ ತಂತ್ರ ಸಿದ್ಧವಾಗಿದೆಯೆಂದು 2024ರಲ್ಲಿ ಡಿಆರ್‌ಡಿಒ ಪ್ರಕಟಿಸಿತು. ಅಲ್ಲಿ ಡಿಸ್‌ಲೊಕೇಶನ್ ಎಂದರೆ ವಿದ್ಯುತ್ ಸೋರುವ ದಾರಿ.

ಯಂತ್ರಗಳು ದೇಶದಲ್ಲಿ ಇಲ್ಲವೆಂದಲ್ಲ. ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ, ಹೊರಗಿನವರು ಹೇಗೆ ಬಳಸಬಹುದು ಎಂದು ತಿಳಿಸುವ ‘ಐ-ಸ್ಟೆಮ್’ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಕೊರತೆ ಇರುವುದು ಯಂತ್ರದ ಮುಂದೆ ಕೂರುವವರ ವಿಷಯದಲ್ಲಿ. ಇಂಥ ಸೂಕ್ಷ್ಮದರ್ಶಕವನ್ನು ಪಳಗಿಸಲು ವರ್ಷಗಳು ಬೇಕು. ಆದರೆ ಅದನ್ನು ನಡೆಸುವವರನ್ನು ಪ್ರಾಜೆಕ್ಟಿನ ಹಣ ಇರುವಷ್ಟು ದಿನ ಗುತ್ತಿಗೆಯ ಮೇಲೆ ಇಟ್ಟುಕೊಂಡು, ಕೈ ಪಳಗುವ ಹೊತ್ತಿಗೆ ಕಳಿಸಿಕೊಡುವುದು ನಮ್ಮಲ್ಲಿ ರೂಢಿ. ಯಂತ್ರದ ಬೆಲೆಯಲ್ಲಿ ಒಂದು ಪಾಲನ್ನು ಅದರ ನಿರ್ವಹಣೆಗೂ ಕಾಯಂ ತಂತ್ರಜ್ಞರ ಹುದ್ದೆಗೂ ತೆಗೆದಿಡದೆ ಖರೀದಿಗೆ ಮಂಜೂರಾತಿ ಕೊಡಬಾರದು. ಇದು ಮೊದಲ ಮಾತು.

ಎರಡನೆಯದು, ಚಿತ್ರಗಳ ಲೆಕ್ಕಪತ್ರ. ಎರಡೂ ಬದಿಗೆ 70 ಡಿಗ್ರಿ, ಎರಡೆರಡು ಡಿಗ್ರಿಗೆ ಒಂದರಂತೆ ತೆಗೆದರೆ 71 ಚಿತ್ರಗಳಾಗುತ್ತವೆ. ವರದಿಯಲ್ಲಿ ಕಾಣುವುದು ಅವುಗಳಿಂದ ಕಟ್ಟಿದ ಒಂದು ಸುಂದರ ಆಕೃತಿ ಮಾತ್ರ. ಸರ್ಕಾರಿ ಹಣದಲ್ಲಿ ತೆಗೆದ ಮೂಲ ಚಿತ್ರಗಳು, ರಕ್ಷಣೆ ಮತ್ತು ವ್ಯಾಪಾರದ ಗುಟ್ಟು ಇಲ್ಲದ ಕಡೆಯಾದರೂ, ಎಲ್ಲರಿಗೂ ಸಿಗುವಂತಿರಬೇಕು. ಆಗ ತೀರ್ಮಾನ ಸರಿಯೋ ತಪ್ಪೋ ಎಂದು ಇನ್ನೊಬ್ಬರು ಲೆಕ್ಕ ಹಾಕಿ ನೋಡಬಹುದು.

ಮೂರನೆಯದು ನಮಗೇ ಸೇರಿದ್ದು. ದಾವಣಗೆರೆಯಲ್ಲೋ ಬಳ್ಳಾರಿಯಲ್ಲೋ ಓದುವ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ವಿದ್ಯಾರ್ಥಿಯ ಕಾಲೇಜಿಗೆ ಕೋಟಿಗಳ ಯಂತ್ರ ಬರುವುದು ಕಷ್ಟ. ಚಿತ್ರಗಳು ಬರಬಹುದು. ಟೊಮೊಗ್ರಫಿಯ ಮೂಲ ಚಿತ್ರ ಸರಣಿಗಳು ಕೆಲವು ಇಂದು ಅಂತರ್ಜಾಲದಲ್ಲಿ ಮುಕ್ತವಾಗಿ ಸಿಗುತ್ತವೆ. ಅವನ್ನು ಕಟ್ಟುವ ಟೊಮ್‌ವಿಜ್, ಐಮಾಡ್‌ನಂಥ ಸಾಫ್ಟ್‌ವೇರುಗಳು ಉಚಿತ. ಒಂದು ಸಾಧಾರಣ ಕಂಪ್ಯೂಟರಿನಲ್ಲಿ ವಿದ್ಯಾರ್ಥಿ ತಾನೇ ಚಿತ್ರಗಳನ್ನು ಹೊಂದಿಸಿ, ರಾಮ್-ಲ್ಯಾಕ್ ಸೂತ್ರದಲ್ಲಿ ಸೋಸಿ, ಆಳ ಮೂಡುವುದನ್ನು ನೋಡಬಹುದು. ಹತ್ತು ಚಿತ್ರಗಳನ್ನು ಬೇಕೆಂದೇ ಬಿಟ್ಟುಬಿಟ್ಟರೆ ಆಕೃತಿ ಹೇಗೆ ಸುಳ್ಳಾಗುತ್ತದೆ ಎಂಬುದನ್ನೂ ಕಲಿಯಬಹುದು. ಅವರಿಗಿಲ್ಲದ್ದು, ಇದು ಹೀಗೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವ, ತಪ್ಪಿದಾಗ ತಿದ್ದುವ ಒಬ್ಬರು.

ಪರಊರುಗಳಲ್ಲಿ ಲೋಹ, ಚಿಪ್, ಚಿತ್ರಸಂಸ್ಕರಣೆಯ ಕೆಲಸದಲ್ಲಿರುವ ಕನ್ನಡಿಗರಿಗೆ ಆ ಜಾಗ ತುಂಬುವುದು ಅಸಾಧ್ಯವಲ್ಲ. ಸಿ.ಟಿ. ಸ್ಕ್ಯಾನಿನ ಸಾಫ್ಟ್‌ವೇರ್ ಬರೆಯುವವರಿಗೂ ಇದೇ ಗಣಿತ ಗೊತ್ತು. ಪುಣೆ, ಚೆನ್ನೈ, ಹೈದರಾಬಾದಿನ ಕನ್ನಡ ಸಂಘಗಳು ರಾಜ್ಯೋತ್ಸವವನ್ನು ಅದ್ದೂರಿಯಾಗಿ ಮಾಡುತ್ತವೆ, ಮಾಡಲಿ. ಅದರ ಜೊತೆಗೆ ಪ್ರತಿ ಸಂಘವೂ ತವರಿನ ಒಂದು ಕಾಲೇಜನ್ನು ಆರಿಸಿಕೊಂಡು, ತಿಂಗಳಿಗೆ ಎರಡು ಶನಿವಾರ ಆನ್‌ಲೈನ್ ತರಗತಿಗೆ ತನ್ನ ಸದಸ್ಯರಲ್ಲಿ ಇಬ್ಬರನ್ನು ಒಪ್ಪಿಸಲಿ. ಒಂದು ಸೆಮಿಸ್ಟರಿನಲ್ಲಿ ಇಪ್ಪತ್ತು ಮಕ್ಕಳು ಚಿತ್ರ ಓದಲು ಕಲಿತರೂ, ನಾಳೆ ಬ್ಲೇಡು ಪಾಸು ಮಾಡುವ ಮೇಜಿನ ಮುಂದೆ ಇನ್ನೊಂದು ಕೋನದ ಚಿತ್ರವನ್ನೂ ತೋರಿಸಿ ಎಂದು ಕೇಳುವವರು ಅವರಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ.